ಮರ ಮೊದಲೋ ಊರು ಮೊದಲೋ: ಮೈಸೂರಲ್ಲಿ ಮರ ನೋಡೋ ನಡಿಗೆ ಅಂದ್ರೆ ಏನು

ಮರ ನೋಡೋ ನಡಿಗೆ ಇದೆ ಬನ್ನಿ ಸಾರ್ ಅಂತ ಕರೆದಾಗ ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಮೊದಲು ಕೇಳಿದ್ದು "ಎಷ್ಟು ಕಿಲೋಮೀಟರ್ ಆಗುತ್ತಪ್ಪ, ನನಗೆ ಮಂಡಿನೋವು" ಅಂತ. ಮುಕ್ಕಾಲು ಕಿಲೋಮೀಟರ್ ಸಾರ್, ಎರಡು ಗಂಟೆ ಹಿಡಿಯುತ್ತೆ ಅಂದೆ. ಅವರಿಗೆ ಲೆಕ್ಕ ಕೂಡಲಿಲ್ಲ, ಅಷ್ಟು ದೂರಕ್ಕೆ ಎರಡು ಗಂಟೆ ಯಾಕೆ ಅಂತ. ಆದ್ರೂ ಬಂದ್ರು. ಮಾರ್ಚ್ ತಿಂಗಳು, ಬೆಳಿಗ್ಗೆ ಆರೂವರೆಗೆ ನಮ್ಮ ಯೂನಿವರ್ಸಿಟಿಯ ಮಾನಸಗಂಗೋತ್ರಿ ಕ್ಯಾಂಪಸ್ ಕಡೆಯಿಂದ ಶುರು ಮಾಡಿದ್ವಿ, ಏಳೂಕಾಲಾದ್ರೂ ಮೂರನೇ ಮರದ ಹತ್ರಾನೇ ಇದ್ವಿ, ಮೇಷ್ಟ್ರು ಆ ಮರದ ಬುಡದಲ್ಲಿ ಬಿದ್ದಿದ್ದ ಕಪ್ಪು ಕಾಯಿಗಳನ್ನ ಆಯ್ದು ಆಯ್ದು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಳ್ತಾ ಇದ್ರು.

ಮರ ನೋಡೋಕೂ ಗೈಡ್ ಬೇಕಾ ಅಂತ ತುಂಬ ಜನ ಕೇಳ್ತಾರೆ, ಕೇಳೋದು ತಪ್ಪೇನಲ್ಲ, ದಿನಾ ಅದೇ ರಸ್ತೇಲಿ ಸ್ಕೂಟರ್‌ನಲ್ಲಿ ಹೋಗ್ತೀವಿ, ಅದೇ ನೆರಳಲ್ಲಿ ಗಾಡಿ ನಿಲ್ಲಿಸ್ತೀವಿ, ಹೊಸದಾಗಿ ನೋಡೋದೇನಿದೆ ಅನ್ಸುತ್ತೆ. ಬೆಂಗಳೂರಲ್ಲಿ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಒಳಗೆ ಇಂಥ ನಡಿಗೆ ಬಹಳ ವರ್ಷದಿಂದ ನಡೀತಿದೆ, 2014ರಲ್ಲಿ ನೆರಳು ಅಂತ ಹೆಸರಿಟ್ಟು ಊರಿನ ಮರಗಳಿಗೇ ಒಂದು ಹಬ್ಬ ಮಾಡಿದ್ರು. ನಮ್ಮ ಮೈಸೂರಲ್ಲೂ ಸಣ್ಣ ಸಣ್ಣ ಗುಂಪುಗಳು ಭಾನುವಾರ ಬೆಳಿಗ್ಗೆ ಹೀಗೆ ಹೊರಡ್ತಾರೆ, ಹದಿನೈದು ಇಪ್ಪತ್ತು ಜನ, ಮುಂದೆ ಒಬ್ಬರು ಗೊತ್ತಿರೋರು. ಆ ಗೊತ್ತಿರೋರು ಬರೀ ಮರದ ಹೆಸರು ಒಪ್ಪಿಸ್ತಾ ಹೋದ್ರೆ ಅರ್ಧ ಗಂಟೇಲಿ ಎಲ್ಲರೂ ಮೊಬೈಲ್ ತೆಗೀತಾರೆ, ಅದನ್ನ ಕಣ್ಣಾರೆ ನೋಡಿದೀನಿ. ನನಗೆ ಕಲಿಸಿದೋರು ಪ್ರತಿ ಮರದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳೋರು, "ಇಲ್ಲಿ ಮರ ಮೊದಲು ಬಂತೋ, ಊರು ಮೊದಲು ಬಂತೋ?" ಈಗ ನಾನೂ ಅದೇ ಪ್ರಶ್ನೆ ಇಟ್ಕೊಂಡು ಕರ್ಕೊಂಡು ಹೋಗ್ತೀನಿ, ಯಾಕಂದ್ರೆ ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ಮರದ ಗುಟ್ಟು ಮುಕ್ಕಾಲು ಪಾಲು ತಾನಾಗೇ ಬಿಚ್ಚಿಕೊಳ್ಳುತ್ತೆ.

ಮೊದಲು ಊರಿಗಿಂತ ಹಳೇ ಮರಗಳ ಕಡೆ ಹೋಗೋಣ. ಮೈಸೂರು ಅಂತ ನಾವು ಈಗ ಕರೆಯೋದರ ಒಳಗೆ ಎಷ್ಟೋ ಹಳ್ಳಿ ಅಡಗಿ ಕೂತಿವೆ, ಒಂಟಿಕೊಪ್ಪಲು, ಪಡುವಾರಹಳ್ಳಿ, ಕನ್ನೇಗೌಡನ ಕೊಪ್ಪಲು, ತೊಣಚಿಕೊಪ್ಪಲು, ಬೋಗಾದಿ, ದಟ್ಟಗಳ್ಳಿ, ಹೆಬ್ಬಾಳು. ಬಡಾವಣೆ ಬಂದು ಸುತ್ತಿಕೊಂಡ ಮೇಲೆ ಹೊಲ ಹೋಯ್ತು, ಕಣ ಹೋಯ್ತು, ಆದ್ರೆ ಅರಳಿಕಟ್ಟೆ ಉಳೀತು. ಸೈಟ್ ಪ್ಲಾನ್‌ನಲ್ಲಿ ನೆಟ್ಟಗೆ ಬರಬೇಕಿದ್ದ ರಸ್ತೆ ಎಲ್ಲೋ ಒಂದು ಕಡೆ ಸ್ವಲ್ಪ ಸೊಟ್ಟಗೆ ತಿರುಗಿದೆ ಅಂದ್ರೆ ಅಲ್ಲೊಂದು ಕಟ್ಟೆ ಇದೆಯಾ ನೋಡಿ, ಅರಳಿ, ಪಕ್ಕದಲ್ಲಿ ಬೇವು, ಬುಡದಲ್ಲಿ ನಾಗರಕಲ್ಲು. ಅರಳಿಗೂ ಬೇವಿಗೂ ಮದುವೆ ಮಾಡ್ಸೋ ಪದ್ಧತಿ ನಮ್ಮ ಕಡೆ ಇದೆಯಲ್ಲ, ಆ ಜೋಡಿ ಕಂಡ್ರೆ ಇದು ಹಳ್ಳಿಯವರು ನೆಟ್ಟು ಬೆಳೆಸಿದ್ದು ಅಂತ ಗೊತ್ತಾಗಿಬಿಡುತ್ತೆ. ಅಲ್ಲಿ ಮರ ಮೊದಲು, ಟಾರ್ ರಸ್ತೆ ಆಮೇಲೆ.

ಒಂದು ಸಲ ಇಂಥ ಕೊಪ್ಪಲಿನಲ್ಲಿ ದೊಡ್ಡ ಮರವೊಂದರ ಮುಂದೆ ನಿಂತು ಆಲಾನಾ ಬಸರೀನಾ ಅಂತ ನಾವೆಲ್ಲ ವಾದ ಮಾಡ್ತಿದ್ವಿ. ಆಲ ಅಂದ್ರೆ ಬಿಳಲು ಕೆಳಗೆ ಇಳಿದಿರಬೇಕು, ಇದಕ್ಕೆ ಅಷ್ಟಿಲ್ಲ. ಹಾಲಿನ ಕ್ಯಾನ್ ತಗೊಂಡು ಹೋಗ್ತಿದ್ದ ಒಬ್ಬ ಅಜ್ಜಿ ನಿಂತ್ಕೊಂಡು ನೋಡಿ, "ಗೋಣಿ ಕಣ್ ಮಗ ಅದು, ಎಲೆ ತಿರುಗ್ಸಿ ನೋಡು, ಎಳೇದ್ರಲ್ಲಿ ನುಣ್ಣಗಿರಕ್ಕಿಲ್ಲ" ಅಂದ್ರು. ತಿರುಗಿಸಿ ನೋಡಿದ್ರೆ ಎಳೇ ಎಲೆಯ ಹಿಂಭಾಗದಲ್ಲಿ ಸಣ್ಣ ರೋಮ. ಸಸ್ಯಶಾಸ್ತ್ರದೋರು ಈ ಗೋಣಿ ಮರಕ್ಕೆ ಇಟ್ಟಿದ್ದ ಹಳೇ ಹೆಸರು ಫೈಕಸ್ ಮೈಸೊರೆನ್ಸಿಸ್, ಅಂದ್ರೆ ಮೈಸೂರು ಸೀಮೆಯ ಅತ್ತಿ ಜಾತಿ ಅಂತ. ಈಗ ಅದನ್ನ ಫೈಕಸ್ ಡ್ರುಪೇಶಿಯ ಅನ್ನೋ ದೊಡ್ಡ ಹೆಸರಿನೊಳಗೆ ಸೇರಿಸಿದಾರೆ, ಆದ್ರೂ ಇಂಗ್ಲಿಷಲ್ಲಿ ಇವತ್ತಿಗೂ ಮೈಸೂರ್ ಫಿಗ್ ಅಂತಾನೇ ಕರೀತಾರೆ. ಊರಿನ ಹೆಸರು ಹೊತ್ತಿರೋ ಮರ ಊರಿನೋರಿಗೇ ಗುರುತಿಲ್ಲ ಅನ್ನೋದು ನನಗೆ ಆವತ್ತು ತುಂಬಾ ಚುಚ್ಚಿತು. ಅಜ್ಜಿಗೆ ಮಾತ್ರ ಗೊತ್ತಿತ್ತು.

ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಇವೆಲ್ಲ ಒಂದೇ ಮನೆತನ. ಈ ಮನೆತನದ ಕಥೆ ಅರ್ಥ ಆದ್ರೆ ನಡಿಗೆಗೆ ಬಂದಿದ್ದು ಸಾರ್ಥಕ ಅಂತ ನಾನು ಹೇಳ್ತೀನಿ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ಅತ್ತಿ ಹೂವು ಕಂಡೋರಿಲ್ಲ ಅಂತ ಹಳಬರು ಹೇಳೋರು. ನಿಜ, ಕಾಣಲ್ಲ, ಯಾಕಂದ್ರೆ ನಾವು ಹಣ್ಣು ಅಂತ ಕರೆಯೋದೇ ಹೂವಿನ ಚೀಲ. ನೂರಾರು ಪುಟ್ಟ ಹೂವುಗಳು ಒಂದು ಉಂಡೆ ಒಳಗೆ ಒಳಮುಖವಾಗಿ ಅರಳಿರ್ತವೆ. ಹಾಗಾದ್ರೆ ಪರಾಗಸ್ಪರ್ಶ ಹೇಗೆ, ಜೇನುಹುಳ ಒಳಗೆ ಹೋಗೋಕಾಗಲ್ವಲ್ಲ? ಅದಕ್ಕೇ ಅಂತ ಒಂದು ಸಣ್ಣ ಕಣಜ ಇದೆ, ನಮ್ಮ ಸಾಸಿವೆಕಾಳಿಗಿಂತ ಚಿಕ್ಕದು. ಉಂಡೆಯ ತುದೀಲಿ ಒಂದು ಸೂಜಿಮೊನೆಯಷ್ಟು ಬಾಗಿಲಿರುತ್ತೆ, ಹೆಣ್ಣು ಕಣಜ ಅದರೊಳಗೆ ನುಗ್ಗುತ್ತೆ, ನುಗ್ಗುವಾಗ ಸಾಮಾನ್ಯವಾಗಿ ರೆಕ್ಕೇನೇ ಕಿತ್ತುಹೋಗುತ್ತೆ, ಅಂದ್ರೆ ಒಳಗೆ ಹೋದ ಮೇಲೆ ವಾಪಸ್ ಬರೋ ಮಾತೇ ಇಲ್ಲ. ಒಳಗೆ ತಾನು ಹುಟ್ಟಿದ ಮರದಿಂದ ತಂದ ಪರಾಗ ಹೂವಿಗೆ ಸವರುತ್ತೆ, ಕೆಲವು ಹೂವಲ್ಲಿ ಮೊಟ್ಟೆ ಇಡುತ್ತೆ, ಅಲ್ಲೇ ಸಾಯುತ್ತೆ. ಆ ಮೊಟ್ಟೆಯಿಂದ ಮೊದಲು ಗಂಡುಗಳು ಹೊರಬರ್ತವೆ, ಅವಕ್ಕೆ ರೆಕ್ಕೆ ಇರಲ್ಲ, ಕತ್ತಲಲ್ಲೇ ಹೆಣ್ಣುಗಳ ಜೊತೆ ಕೂಡಿ, ಉಂಡೆಯ ಗೋಡೆ ಕೊರೆದು ದಾರಿ ಮಾಡಿಕೊಟ್ಟು, ಅವೂ ಸಾಯ್ತವೆ. ಹೆಣ್ಣುಗಳು ಆ ದಾರೀಲಿ ಪರಾಗ ಹೊತ್ಕೊಂಡು ಹೊರಗೆ ಹಾರ್ತವೆ. ಹಾರಿದ ಮೇಲೆ ಅವಕ್ಕಿರೋ ಆಯಸ್ಸು ಒಂದೆರಡು ದಿನ, ಅಷ್ಟರಲ್ಲಿ ಅದೇ ಜಾತಿಯ, ಸರಿಯಾದ ಹದಕ್ಕೆ ಬಂದಿರೋ ಇನ್ನೊಂದು ಮರ ಹುಡುಕ್ಬೇಕು. ಆಲದ ಕಣಜ ಬೇರೆ, ಅರಳಿ ಕಣಜ ಬೇರೆ, ಸಾಮಾನ್ಯವಾಗಿ ಒಂದೊಂದು ಜಾತಿಗೂ ಅದರದ್ದೇ ಕಣಜ, ಇವರಿಬ್ಬರ ಒಪ್ಪಂದ ಏಳು ಕೋಟಿ ವರ್ಷಕ್ಕೂ ಹಳೇದು ಅಂತ ವಿಜ್ಞಾನಿಗಳ ಲೆಕ್ಕ.

ಇದರಿಂದ ಊರಿಗೇನಾಗುತ್ತೆ ಅಂತ ಕೇಳಬಹುದು. ಕಣಜಕ್ಕೆ ವರ್ಷಪೂರ್ತಿ ಯಾವುದಾದ್ರೂ ಒಂದು ಮರ ಉಂಡೆ ಬಿಟ್ಟಿರಲೇಬೇಕು, ಇಲ್ಲಾಂದ್ರೆ ಕಣಜದ ಸಂತಾನಾನೇ ನಿಂತುಹೋಗುತ್ತೆ. ಹಾಗಾಗಿ ಮಾವು ಥರ ಎಲ್ಲ ಆಲದ ಮರ ಒಂದೇ ತಿಂಗಳಲ್ಲಿ ಹಣ್ಣು ಬಿಡಲ್ಲ, ಇವತ್ತು ಇದು, ಮುಂದಿನ ತಿಂಗಳು ಆ ಬೀದಿಯದ್ದು. ಬೇರೆ ಯಾವ ಹಣ್ಣೂ ಇಲ್ಲದ ಕಾಲದಲ್ಲೂ ಹಕ್ಕಿಗೆ, ಬಾವಲಿಗೆ, ಅಳಿಲಿಗೆ ಎಲ್ಲೋ ಒಂದು ಕಡೆ ಊಟ ಇರುತ್ತೆ. ಒಂದು ಬಡಾವಣೇಲಿ ಇರೋ ಮೂರು ಆಲದಲ್ಲಿ ಒಂದು ಹೋದ್ರೆ ಲೆಕ್ಕದಲ್ಲಿ ಮಾತ್ರ ಮೂರರಲ್ಲಿ ಒಂದು ಹೋಯ್ತು, ಆದ್ರೆ ಹಕ್ಕಿಗಳ ಪಂಚಾಂಗದಲ್ಲಿ ಕೆಲವು ತಿಂಗಳೇ ಖಾಲಿ ಆಗಬಹುದು. ಅತ್ತಿಹಣ್ಣು ಬಿಡಿಸಿ ನೋಡಿದ್ರೆ ಬರೀ ಹುಳ ಅಂತ ಅಸಹ್ಯ ಪಡ್ತೀವಲ್ಲ, ನಡಿಗೇಲಿ ಒಂದು ಬ್ಲೇಡು, ಒಂದು ಭೂತಕನ್ನಡಿ ಇಟ್ಕೊಂಡು ಅದನ್ನೇ ಬಿಡಿಸಿ ತೋರಿಸಿದ್ರೆ ಮಕ್ಕಳು ಅಲ್ಲಾಡಲ್ಲ, ಮುಂದಿನ ಮರಕ್ಕೆ ಕರೆದ್ರೂ ಬರಲ್ಲ.

ಇನ್ನು ಊರು ಮೊದಲು ಬಂದು, ಆಮೇಲೆ ನೆಟ್ಟ ಮರಗಳು. ಇವನ್ನ ಗುರುತಿಸೋದು ಸುಲಭ, ಸಾಲಾಗಿರ್ತವೆ. ಪ್ಲೇಗ್ ಬಂದು ಹೋದ ಮೇಲೆ ಮೈಸೂರನ್ನ ಗಾಳಿ ಬೆಳಕು ಬರೋ ಹಾಗೆ ವಿಸ್ತರಿಸಬೇಕು ಅಂತ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದ್ರು, ಹೊಸ ಬಡಾವಣೆ, ಅಗಲ ರಸ್ತೆ, ರಸ್ತೆ ಬದಿ ನೆರಳಿನ ಮರ. ಸಾಲುಮರ ನೋಡಿದ್ರೆ ಆ ರಸ್ತೆ ಯಾವಾಗ ಆಯ್ತು ಅಂತ ಮೊದಲು ಕೇಳ್ಕೊಳಿ, ಮರದ ವಯಸ್ಸು ಅಲ್ಲಿಂದಾಚೆಗೆ ಹೋಗೋದು ಕಷ್ಟ. ಮಾನಸಗಂಗೋತ್ರಿ ಕ್ಯಾಂಪಸ್ ಶುರುವಾಗಿದ್ದು 1960ರಲ್ಲಿ, ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲ. ಹಾಗಾಗಿ ಕ್ಯಾಂಪಸ್ ರಸ್ತೆಗಳ ಎರಡೂ ಬದಿ ಲೈನ್ ಹಿಡಿದು ನಿಂತಿರೋ ಮರಗಳು, ನೋಡೋಕೆ ಎಷ್ಟೇ ಭಾರಿಯಾಗಿದ್ರೂ, ಹೆಚ್ಚೂಕಮ್ಮಿ ನಮ್ಮ ಅಪ್ಪ ಅಮ್ಮನ ವಯಸ್ಸಿನವು. ಪಕ್ಕದ ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1864, ಅದರ ಏರಿ ಕಡೆ ಇರೋ ಮರಗಳ ಲೆಕ್ಕಾನೇ ಬೇರೆ.

ಈ ಸಾಲುಮರಗಳ ವಿಷಯ ಬಂದ್ರೆ ಕ್ರುಂಬಿಗಲ್ ಹೆಸರು ಹೇಳದೆ ಮುಂದೆ ಹೋಗೋಕಾಗಲ್ಲ. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಜರ್ಮನಿಯ ತೋಟಗಾರಿಕೆ ತಜ್ಞರು, ಲಂಡನ್ನಿನ ಕ್ಯೂ ಅನ್ನೋ ಸಸ್ಯತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಕ್ಕೆ ಬಂದು, ಅಲ್ಲಿಂದ 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನಕ್ಕೆ ಬಂದ್ರು, 1932ರ ತನಕ ಸರ್ಕಾರದ ಕೆಲಸದಲ್ಲಿದ್ರು, 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡ್ರು. ಅವರ ಯೋಚನೆ ಏನಂದ್ರೆ, ಒಂದು ಮರದ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಊರಿನ ಯಾವ ತಿಂಗಳೂ ಹೂವಿಲ್ಲದೆ ಇರಬಾರದು. ಬೆಂಗಳೂರಲ್ಲಿ ಅದು ಎದ್ದು ಕಾಣುತ್ತೆ, ಆದ್ರೆ ನಮ್ಮಲ್ಲೂ ಅದೇ ಮರಗಳೇ ಬಂದಿವೆ. ಬೇಸಿಗೆ ಇನ್ನೂ ಕಾಲಿಡೋ ಮುಂಚೆ ತಬೇಬುಯ, ಎಲೆಯೆಲ್ಲ ಉದುರಿಸಿ ಬರೀ ಗುಲಾಬಿ ಅಥವಾ ಹಳದಿ. ಮಾರ್ಚ್ ಹೊತ್ತಿಗೆ ಜಕರಂದದ ನೇರಳೆ. ಏಪ್ರಿಲ್ ಮೇ ಅಂದ್ರೆ ಗುಲ್‌ಮೊಹರ್, ಜೊತೆಗೆ ನಮ್ಮದೇ ಕಕ್ಕೆ ಮರದ ಹಳದಿ ಜೊಂಪೆ. ತಬೇಬುಯ, ಜಕರಂದ ಅಮೆರಿಕ ಖಂಡದವು, ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು, ಊರಿನ ಫೋಟೋಗಳಲ್ಲಿ ಲೈಕ್ ತಗೊಳ್ಳೋ ಮರಗಳಲ್ಲಿ ಬಹುಪಾಲು ಹೀಗೆ ಹಡಗಲ್ಲಿ ಬಂದವು.

ನಮ್ಮ ಭಾಷೆಗೆ ಇದು ಗೊತ್ತಿತ್ತು ನೋಡಿ. ಹೊರಗಿಂದ ಬಂದಿದ್ದಕ್ಕೆ ಸೀಮೆ ಅಂತ ಮುಂದೆ ಸೇರಿಸೋದು ಕನ್ನಡದ ಅಭ್ಯಾಸ, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಹಾಗೇ ಸೀಮೆಹುಣಸೆ, ಸ್ಕೂಲ್ ಬಿಟ್ಟ ಮೇಲೆ ಕಲ್ಲು ಹೊಡೆದು ತಿಂತಿದ್ವಲ್ಲ, ಜಿಲೇಬಿ ಥರ ಸುತ್ತಿಕೊಂಡ ಕಾಯಿ, ಒಳಗೆ ಬಿಳಿ ಗುಲಾಬಿ ತಿರುಳು, ಅದು ಮೆಕ್ಸಿಕೋ ಕಡೆಯದ್ದು. ಇನ್ನೊಂದು ವಿಚಿತ್ರ ಅಂದ್ರೆ ಸೀಮೆ ಅಂತ ಇಲ್ಲದ ನಮ್ಮ ಅಸಲಿ ಹುಣಸೇನೂ ಮೂಲದಲ್ಲಿ ಆಫ್ರಿಕಾದ್ದೇ, ಆದ್ರೆ ಅದು ಬಂದಿದ್ದು ಎಷ್ಟು ಹಿಂದೆ ಅಂದ್ರೆ ಭಾಷೆ ಅದನ್ನ ಮರೆತೇಬಿಟ್ಟಿದೆ, ಅದಿಲ್ಲದೆ ನಮ್ಮ ಸಾರೇ ಇಲ್ಲ. ನಾಗಲಿಂಗ ಮರಾನೂ ಹಾಗೇ. ಹೆಡೆ ಎತ್ತಿದ ಹಾವಿನ ಹಾಗೆ ಬಾಗಿದ ಕೇಸರ, ಕೆಳಗೆ ಲಿಂಗದ ಥರ ಪುಟ್ಟ ಉಬ್ಬು, ಶಿವನ ಪೂಜೆಗೆ ಶ್ರೇಷ್ಠ ಅಂತ ದೇವಸ್ಥಾನದಲ್ಲಿ ಬೆಳೆಸ್ತಾರೆ, ಆದ್ರೆ ಅದರ ತವರು ದಕ್ಷಿಣ ಅಮೆರಿಕದ ಕಾಡು. ಇದನ್ನ ಹೇಳಿದಾಗ ಒಬ್ಬರು ಸ್ವಲ್ಪ ಬೇಜಾರು ಮಾಡ್ಕೊಂಡ್ರು. ನನಗೆ ಹಾಗನ್ಸಲ್ಲ, ಹೊರಗಿಂದ ಬಂದ ಮರದಲ್ಲಿ ದೇವರನ್ನ ಕಂಡಿದ್ದು ನಮ್ಮ ಜನರ ದೊಡ್ಡತನ. ಆ ಮರದ ಮುಂದೆ ನಿಂತಾಗ ಇನ್ನೊಂದು ಗಮನಿಸಿ, ಹೂವು ಬರೋದು ಕೊಂಬೆ ತುದೀಲಿ ಅಲ್ಲ, ನೇರ ಕಾಂಡದಲ್ಲೇ, ನಮ್ಮ ಹಲಸಿನ ಹಾಗೆ. ಫಿರಂಗಿ ಗುಂಡಿನಷ್ಟು ದಪ್ಪ ಭಾರದ ಕಾಯಿ ಹೊರೋಕೆ ತೆಳ್ಳಗಿನ ಕೊಂಬೆಗೆ ಆಗೋದೂ ಇಲ್ಲ.

ಹೆಸರಿನ ಗೊಂದಲಕ್ಕೆ ಅಶೋಕಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಕಾಂಪೌಂಡ್ ಪಕ್ಕ ಕಂಬದ ಥರ ಎತ್ತರಕ್ಕೆ, ಅಂಕುಡೊಂಕು ಅಂಚಿನ ಉದ್ದ ಎಲೆ ಇಳಿಬಿಟ್ಕೊಂಡು ನಿಂತಿರುತ್ತಲ್ಲ, ಎಲ್ಲರೂ ಅದನ್ನೇ ಅಶೋಕ ಅಂತಾರೆ, ಅದು ಸೀತಾಫಲದ ಕುಟುಂಬದ ಮರ. ಸೀತೆ ಕೂತಿದ್ದಳು ಅನ್ನೋ ಅಶೋಕ ಬೇರೆ, ಮಧ್ಯಮ ಎತ್ತರದ್ದು, ಗೊಂಚಲು ಗೊಂಚಲು ಕಿತ್ತಳೆ ಕೆಂಪು ಹೂವು, ಅದು ಹುಣಸೆ ಕಕ್ಕೆಗಳ ಕಡೆ ನೆಂಟ. ಔಷಧಿಗೆ ಅಂತ ಒಂದರ ಬದಲು ಇನ್ನೊಂದರ ತೊಗಟೆ ತಂದ್ರೆ ಕೆಲಸ ಕೆಡುತ್ತೆ, ಅದಕ್ಕೇ ನಡಿಗೇಲಿ ಲ್ಯಾಟಿನ್ ಹೆಸರು ಒಂದು ಸಲ ಆದ್ರೂ ಹೇಳೋದು. ಹಾಗಂತ ಊರ ಹೆಸರು ಬಿಟ್ಟುಕೊಡಬಾರದು. ಗುಲ್‌ಮೊಹರ್‌ಗೆ ಕೆಂಪು ತುರಾಯಿ, ಕತ್ತಿಕಾಯಿ ಮರ ಅಂತೆಲ್ಲ ಹೆಸರಿದೆ, ಒಂದನ್ನ ಹೂ ನೋಡಿ ಇಟ್ಟಿದ್ದು, ಇನ್ನೊಂದನ್ನ ಒಣಗಿದ ಕಾಯಲ್ಲಿ ಕತ್ತಿವರಸೆ ಆಡಿದ ಹುಡುಗರು ಇಟ್ಟಿದ್ದು. ಆಫ್ರಿಕಾದ ಸ್ಪಾಥೋಡಿಯ ಮರಕ್ಕೆ ನೀರುಕಾಯಿ ಅಂತಾರೆ, ಮೊಗ್ಗಿನೊಳಗೆ ನೀರು ತುಂಬಿರುತ್ತೆ, ತುದಿ ಹಿಚುಕಿದ್ರೆ ಪಿಚಕಾರಿ, ಹುಡುಗರು ಅದಕ್ಕೆ ಇಟ್ಟಿದ್ದ ಇನ್ನೊಂದು ಹೆಸರು ಮೈಸೂರಲ್ಲಿ ಓದಿದೋರಿಗೆಲ್ಲ ಗೊತ್ತು.

ಈಗ ಮೇಷ್ಟ್ರು ನಿಂತಿದ್ದ ಆ ಮೂರನೇ ಮರ. ಅದು ಮಳೆಮರ, ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದಿದ್ದು, ಕೊಡೆ ಬಿಚ್ಚಿದ ಹಾಗೆ ರಸ್ತೆಯ ಆ ಬದಿಯಿಂದ ಈ ಬದಿಗೆ ಚಾಚುತ್ತೆ. ಸಂಜೆ ಆದ್ರೆ ಎಲೆ ಮಡಚಿಕೊಳ್ಳುತ್ತೆ, ಮೋಡ ಕವಿದು ಮಳೆ ಬರೋ ಹಾಗಿದ್ರೂ ಮಡಚಿಕೊಳ್ಳುತ್ತೆ, ಹೆಸರು ಅದಕ್ಕೇ ಬಂತು ಅಂತಾರೆ. ಎಲೆ ಮಡಚೋದು ಹೇಗೆ ಅಂದ್ರೆ, ಒಂದೊಂದು ಎಲೆಯ ಬುಡದಲ್ಲೂ ಒಂದು ಸಣ್ಣ ಗಂಟಿದೆ, ಆ ಗಂಟಿನ ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತೆ, ಅದರ ಹಿಂದೆ ನೀರೂ ಹೋಗುತ್ತೆ, ಆ ಬದಿ ಸಪ್ಪಗಾಗಿ ಎಲೆ ಬಾಗುತ್ತೆ. ಬೆಳಿಗ್ಗೆ ನೀರು ವಾಪಸ್. ಮುಟ್ಟಿದರೆ ಮುನಿ ಗಿಡದಲ್ಲಿ ಮುಟ್ಟಿದ ತಕ್ಷಣ ಆಗೋದು, ಇಲ್ಲಿ ಬೆಳಕು ನೋಡ್ಕೊಂಡು ನಿಧಾನಕ್ಕೆ ಆಗುತ್ತೆ. ಎಲೆ ಮಡಚಿದಾಗ ಮಳೆನೀರು ಸೀದಾ ನೆಲಕ್ಕೆ ಇಳಿಯುತ್ತೆ, ಇದು ಹುರುಳಿ ಹೆಸರುಕಾಳಿನ ಕುಟುಂಬದ್ದು ಬೇರೆ, ಬೇರಿನ ಗಂಟಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದು ಮಣ್ಣಿಗೆ ಕೊಡುತ್ತೆ, ಹಾಗಾಗಿ ಬುಡದಲ್ಲಿ ಹುಲ್ಲು ಹಸಿರಾಗಿರುತ್ತೆ. ಇದನ್ನ ಪೂರ್ತಿ ನೋಡ್ಬೇಕು ಅಂದ್ರೆ ಒಂದು ನಡಿಗೆ ಸಂಜೆ ಐದೂವರೆಗೆ ಇಟ್ಕೊಳಿ, ಏಳರ ಹೊತ್ತಿಗೆ ಅದೇ ಮರದ ಕೆಳಗೆ ನಿಂತು ತಲೆ ಎತ್ತಿದ್ರೆ ಮುಚ್ಚಿದ್ದ ಆಕಾಶ ತೆರೆದಿರುತ್ತೆ.

ಮಳೆಮರದ ಬುಡದಲ್ಲಿ ನಿಂತಾಗ ಯಾರಾದ್ರೂ ಒಬ್ಬರು ಇದಕ್ಕೆ ಇನ್ನೂರು ಮುನ್ನೂರು ವರ್ಷ ಆಗಿರ್ಬೇಕಲ್ವಾ ಅಂತ ಕೇಳೇ ಕೇಳ್ತಾರೆ. ದಪ್ಪ ನೋಡಿ ವಯಸ್ಸು ಹೇಳೋಕಾಗಲ್ಲ. ಮಳೆಮರ ಬೇಗ ಊದಿಕೊಳ್ಳುತ್ತೆ, ಪಕ್ಕದಲ್ಲಿರೋ ಹುಣಸೆ ಅದರ ಕಾಲು ಭಾಗ ದಪ್ಪ ಇದ್ರೂ ಅದಕ್ಕಿಂತ ಹಿರಿಯದಾಗಿರಬಹುದು. ಕಾಂಡ ಕಡಿದ್ರೆ ಉಂಗುರ ಎಣಿಸಬಹುದಲ್ಲ ಅಂದ್ರೆ, ಚಳಿ ದೇಶದ ಮರಗಳಿಗೆ ಸರಿ, ಚಳಿಗಾಲದಲ್ಲಿ ಬೆಳವಣಿಗೆ ನಿಂತು ಗೆರೆ ಬೀಳುತ್ತೆ. ನಮ್ಮಲ್ಲಿ ತೇಗದಂಥ ಕೆಲವು ಮರಗಳಲ್ಲಿ ಮಾತ್ರ ವರ್ಷದ ಉಂಗುರ ಸ್ಪಷ್ಟ, ಆಲದಂಥದ್ದರಲ್ಲಿ ಎಣಿಸೋಕೆ ಹೋದ್ರೆ ತಪ್ಪು ಲೆಕ್ಕ ಸಿಗುತ್ತೆ. ಹಾಗಾಗಿ ಬೋರ್ಡಲ್ಲಿ ಐನೂರು ವರ್ಷ ಅಂತ ಕಂಡ್ರೆ ಅದಕ್ಕೆ ಆಧಾರ ಏನು ಅಂತ ಕೇಳಿ, ಶಾಸನ ಇದೆಯಾ, ಹಳೇ ನಕ್ಷೆ ಇದೆಯಾ, ಹಳೇ ಫೋಟೋ ಇದೆಯಾ.

ಆದ್ರೆ ಅಳತೆ ನಾವೇ ತಗೋಬಹುದು, ಅದು ನಡಿಗೆಯಲ್ಲಿ ಮಕ್ಕಳಿಗೆ ಬಹಳ ಇಷ್ಟ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದ್ರೆ ಹೆಚ್ಚೂಕಮ್ಮಿ ದೊಡ್ಡವರ ಎದೆ ಮಟ್ಟದಲ್ಲಿ, ಕಾಂಡದ ಸುತ್ತ ಟೈಲರ್ ಟೇಪ್ ಸುತ್ತಿ ಸುತ್ತಳತೆ ಬರ್ಕೊಳೋದು. ಅರಣ್ಯ ಇಲಾಖೆಯೋರೂ ಅದೇ ಎತ್ತರದಲ್ಲೇ ಅಳೆಯೋದು, ಎಲ್ಲರೂ ಒಂದೇ ಕಡೆ ಅಳೆದ್ರೇ ಹೋಲಿಸೋಕಾಗೋದು. ಎತ್ತರಕ್ಕೆ ಒಂದು ಕಡ್ಡಿ ಸಾಕು. ಚಾಚಿದ ಕೈಯಿಂದ ಕಣ್ಣಿಗೆ ಎಷ್ಟು ದೂರಾನೋ ಅಷ್ಟೇ ಉದ್ದದ ಕಡ್ಡೀನ ನೆಟ್ಟಗೆ ಹಿಡ್ಕೊಂಡು ಹಿಂದಕ್ಕೆ ಹೆಜ್ಜೆ ಹಾಕ್ತಾ ಹೋಗಿ, ಕಡ್ಡಿಯ ತಳ ಮರದ ಬುಡಕ್ಕೂ ಕಡ್ಡಿಯ ತುದಿ ಮರದ ತುದಿಗೂ ಸರಿಯಾಗಿ ಕೂತಾಗ ನಿಂತ್ಕೊಳಿ. ಅಲ್ಲಿಂದ ಮರಕ್ಕಿರೋ ದೂರ ಎಷ್ಟೋ ಮರದ ಎತ್ತರ ಅಷ್ಟೇ. ಸಮರೂಪ ತ್ರಿಭುಜ ಅಂತ ಹೈಸ್ಕೂಲಲ್ಲಿ ಬೋರ್ಡ್ ಮೇಲೆ ಮಾಡಿದ್ದು ಇದೇ, ಮೇಷ್ಟ್ರು ಇದನ್ನ ನಮ್ಮೆಲ್ಲರಿಗಿಂತ ಚೆನ್ನಾಗಿ ವಿವರಿಸಿಬಿಟ್ರು.

ಶ್ರೀಗಂಧದ ಮುಂದೆ ಮಾತ್ರ ಹೊಸಬರಿಗೆ ಯಾವಾಗ್ಲೂ ನಿರಾಸೆ. ಎಲೆ ಹಿಸುಕಿ ಮೂಸ್ತಾರೆ, ವಾಸನೆ ಇಲ್ಲ. ಹೂವೂ ಅಷ್ಟಕ್ಕಷ್ಟೇ. ಪರಿಮಳ ಇರೋದು ಕಾಂಡದೊಳಗಿನ ಕೆಚ್ಚು ಮತ್ತು ಬೇರಲ್ಲಿ, ಅದೂ ಮರಕ್ಕೆ ವಯಸ್ಸಾದ ಮೇಲೆ. ಇದಕ್ಕಿಂತ ಆಶ್ಚರ್ಯ ಅಂದ್ರೆ ಗಂಧದ ಮರ ಒಂಟಿಯಾಗಿ ಚೆನ್ನಾಗಿ ಬದುಕಲ್ಲ, ಅದರ ಬೇರು ಪಕ್ಕದ ಹೊಂಗೆಯದ್ದೋ ತೊಗರಿಯದ್ದೋ ಬೇರಿಗೆ ಹೋಗಿ ಕಚ್ಚಿಕೊಂಡು ನೀರು, ಲವಣ ಹೀರುತ್ತೆ, ಎಲೆಯಲ್ಲಿ ಊಟ ತಾನೇ ಮಾಡ್ಕೊಳ್ಳುತ್ತೆ. ಅರೆ ಪರಾವಲಂಬಿ. ಹಾಗಾಗಿ ಗಂಧದ ಮರ ಕಂಡ ಕಡೆ ಅದನ್ನ ಸಾಕ್ತಾ ಇರೋದು ಯಾರು ಅಂತ ಸುತ್ತ ಹುಡುಕೋದು ಒಂದು ಒಳ್ಳೆ ಆಟ. ಮೊದಲ ಮಹಾಯುದ್ಧ ಬಂದು ನಮ್ಮ ಗಂಧದ ಕೊರಡು ಜರ್ಮನಿಗೆ ಹೋಗೋದು ನಿಂತಾಗ, ಎಣ್ಣೆ ಇಲ್ಲೇ ತೆಗೆಯೋಣ ಅಂತ 1916ರಲ್ಲಿ ಮೈಸೂರಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಮರ ಮೊದಲೋ ಊರು ಮೊದಲೋ ಅಂತ ಇಲ್ಲಿ ಕೇಳಿದ್ರೆ, ಈ ಊರಿಗೆ ಅರ್ಧ ಹೆಸರು ತಂದಿದ್ದೇ ಈ ಮರ ಅಂತ ಹೇಳ್ಬೇಕಾಗುತ್ತೆ.

ನಡಿಗೆಯ ಕೊನೇ ಭಾಗ ನೋಡೋಕೆ ಚೆಂದ ಇಲ್ಲ, ಆದ್ರೆ ನಾನು ಬಿಡಲ್ಲ. ಮರದ ಆರೋಗ್ಯ ನೋಡೋದು. ಕಾಂಡದಲ್ಲಿ ಜೀವ ಇರೋದು ತೊಗಟೆಯ ಕೆಳಗಿನ ತೆಳು ಪದರದಲ್ಲಿ, ಒಳಗಿನ ಕೆಚ್ಚೆಲ್ಲ ಸತ್ತ ಜೀವಕೋಶ. ಹಾಗಾಗಿ ಟೊಳ್ಳು ಬಿದ್ದ ಮರ ಸತ್ತಿದೆ ಅಂತಲ್ಲ, ಎಷ್ಟೋ ವರ್ಷ ಬದುಕುತ್ತೆ, ಆ ಪೊಟರೆಯಲ್ಲಿ ಗಿಣಿ, ಗೂಬೆ ಸಂಸಾರ ಮಾಡ್ತವೆ. ಅದೇ ಸುತ್ತಲೂ ತೊಗಟೆ ಕೆತ್ತಿದ್ರೆ ಅಥವಾ ಕೇಬಲ್ ತಂತಿ ಬಿಗಿದು ಮರ ದಪ್ಪ ಆಗ್ತಾ ಅದು ಒಳಗೆ ಕೊರೆದ್ರೆ, ಹೊರಗೆ ಹಸಿರು ಕಂಡ್ರೂ ಮರ ಸಾವಿನ ದಾರಿ ಹಿಡಿದಿದೆ. ಬೋರ್ಡ್ ಹೊಡೆಯೋಕೆ ಹಾಕಿದ ಒಂದೊಂದು ಮೊಳೆಯೂ ರೋಗಕ್ಕೆ ಒಂದು ಬಾಗಿಲು. ಹೊಂಗೆ ಎಲೆ ಮೇಲೆ ಗಂಟು ಗಂಟು ಎದ್ದಿರೋದು ಕಂಡು ಗಾಬರಿ ಆಗ್ಬೇಡಿ, ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮನೆ, ಮರಕ್ಕೆ ದೊಡ್ಡ ತೊಂದರೆ ಇಲ್ಲ.

ಭರಣಿ, ಕೃತ್ತಿಕೆ ಮಳೆ ಗಾಳಿಗೆ ಪ್ರತಿ ವರ್ಷ ಊರಲ್ಲಿ ಮರ ಬೀಳ್ತವೆ, ತಕ್ಷಣ ಹಳೇ ಮರ ಅಪಾಯ ಕಡೀರಿ ಅನ್ನೋ ಮಾತು ಬರುತ್ತೆ. ಬಿದ್ದ ಮರದ ಬುಡ ಹೋಗಿ ನೋಡಿ. ಬಹಳ ಸಲ ಒಂದು ಬದಿ ಬೇರೇ ಇರಲ್ಲ, ಪೈಪ್‌ಗೋ ಚರಂಡಿಗೋ ಅಗೆಯುವಾಗ ಕಡಿದಿರ್ತಾರೆ. ಮರಕ್ಕೆ ನೀರು ಹೀರೋ ಬೇರು ಬಹುಪಾಲು ಮೇಲ್ಮಣ್ಣಲ್ಲೇ ಹರಡಿರುತ್ತೆ, ಕೊಂಬೆ ಎಲ್ಲಿ ತನಕ ಚಾಚಿದೆಯೋ ಅದಕ್ಕೂ ಆಚೆ ಹೋಗಿರುತ್ತೆ, ಬೇರಿಗೂ ಉಸಿರಾಡೋಕೆ ಗಾಳಿ ಬೇಕು. ಬುಡದ ತನಕ ಸಿಮೆಂಟ್ ಸುರಿದು ಟೈಲ್ಸ್ ಹಾಕಿದ್ರೆ ನೀರೂ ಇಲ್ಲ, ಗಾಳೀನೂ ಇಲ್ಲ. ಮೇಲೆ ಕರೆಂಟ್ ಲೈನ್‌ಗೆ ತಾಗುತ್ತೆ ಅಂತ ಒಂದೇ ಕಡೆಯ ಕೊಂಬೆ ಸವರಿ ಸವರಿ ಭಾರ ಎಲ್ಲ ರಸ್ತೆ ಕಡೆಗೆ ವಾಲಿಸಿರ್ತಾರೆ. ಇಷ್ಟೆಲ್ಲ ಆದ ಮೇಲೆ ಗಾಳಿ ಮಾಡೋದು ಕೊನೇ ಕೆಲಸ ಅಷ್ಟೇ. ಗುಲ್‌ಮೊಹರ್ ಥರ ಮೆದು ಮರ, ಮೇಲ್ಬೇರಿನದ್ದು, ಅದನ್ನ ಕಿರಿದಾದ ಫುಟ್‌ಪಾತ್‌ನಲ್ಲಿ ನೆಡಬಾರದಿತ್ತು ಅನ್ನೋದು ಬೇರೆ ಮಾತು, ಒಪ್ತೀನಿ.

ಕಾನೂನು ಸ್ವಲ್ಪ ತಿಳ್ಕೊಂಡಿರೋದು ಒಳ್ಳೇದು. ಕರ್ನಾಟಕ ಮರಗಳ ಸಂರಕ್ಷಣೆ ಕಾಯ್ದೆ 1976ರದ್ದು. ಊರೊಳಗೆ ನಮ್ಮದೇ ಸೈಟಲ್ಲಿರೋ ಮರ ಆದ್ರೂ ಕಡಿಯೋಕೆ ಟ್ರೀ ಆಫೀಸರ್ ಅನುಮತಿ ಬೇಕು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ತೆಂಗು ಥರ ಕೆಲವಕ್ಕೆ ವಿನಾಯಿತಿ ಇದೆ, ಕಡಿದ ಮೇಲೆ ಬದಲಿ ಗಿಡ ನೆಡಬೇಕು. ಐವತ್ತಕ್ಕಿಂತ ಜಾಸ್ತಿ ಮರ ಹೋಗೋದಿದ್ರೆ ಸಾರ್ವಜನಿಕರಿಗೆ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. 2025ರ ಏಪ್ರಿಲ್‌ನಲ್ಲಿ ನಮ್ಮ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡೋಕೆ ಅಂತ 40 ಮರ ಕಡಿದಾಗ ಜನ ಬೀದಿಗೆ ಬಂದು ಮೇಣದಬತ್ತಿ ಹಚ್ಚಿದ್ರು, ಆದ್ರೆ ಅಷ್ಟೊತ್ತಿಗೆ ನೆಲದಲ್ಲಿ ಬುಡ ಮಾತ್ರ ಇತ್ತು. ಆ ಸಾಲಲ್ಲಿ ಯಾವ ಜಾತಿ ಎಷ್ಟಿತ್ತು, ಯಾವುದರಲ್ಲಿ ಗೂಡಿತ್ತು, ಸುತ್ತಳತೆ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಒಂದು ಸಾಲು ಬರೆದಿದ್ದಿರಲಿಲ್ಲ, ನಾವು ಆ ರಸ್ತೆಯಲ್ಲಿ ಒಂದು ದಿನಾನೂ ನಡಿಗೆ ಮಾಡಿರಲಿಲ್ಲ. ಆವತ್ತಿಂದ ನಮ್ಮ ಪ್ರತಿ ನಡಿಗೇಲೂ ಒಬ್ಬರಿಗೆ ನೋಟ್‌ಬುಕ್ ಕೆಲಸ, ಮರ, ಎಲ್ಲಿದೆ, ಸುತ್ತಳತೆ, ಹೂವೋ ಕಾಯೋ, ಗೂಡಿದೆಯಾ, ಬುಡದಲ್ಲಿ ಸಿಮೆಂಟಾ ಮಣ್ಣಾ, ತಾರೀಖು.

ನೀವೇ ಶುರು ಮಾಡ್ಬೇಕು ಅಂದ್ರೆ ಚಾಮುಂಡಿ ಬೆಟ್ಟ, ಕಾರಂಜಿ ಕೆರೆ ಅಂತ ದೂರ ಹೋಗ್ಬೇಡಿ, ನಿಮ್ಮ ಬೀದಿಯ ಹತ್ತು ಮರ ಸಾಕು. ಒಂದೇ ದಾರೀನ ವರ್ಷಕ್ಕೆ ನಾಲ್ಕು ಸಲ ನಡೀರಿ, ಯುಗಾದಿ ಹೊತ್ತಿಗೆ ಹೊಂಗೆ ತಳಿರು, ಮಳೆಗಾಲಕ್ಕೆ ಒಂದು ಸಲ, ದಸರಾ ರಜೇಲಿ ಒಂದು ಸಲ, ಸಂಕ್ರಾಂತಿ ಆದ ಮೇಲೆ ಬೂರುಗದ ಕೆಂಪು ಹೂವಿಗೆ ಮೈನಾ ಕಾಗೆಗಳೆಲ್ಲ ಮುತ್ತೋ ಕಾಲದಲ್ಲಿ ಒಂದು ಸಲ. ಟೇಪು, ನೀರಿನ ಬಾಟಲು, ಟೋಪಿ, ಇದ್ರೆ ಬೈನಾಕ್ಯುಲರ್. ಹೂವು ಎಲೆ ಕೀಳೋದು ಬೇಡ, ಬಿದ್ದಿದ್ದು ಬೇಕಾದಷ್ಟಿರುತ್ತೆ. ಬೀದಿಯ ಹಳಬರೊಬ್ಬರು ಜೊತೆಗಿದ್ರೆ ಅರ್ಧ ಗೆದ್ದ ಹಾಗೆ, ಇಲ್ಲಿ ಮೊದಲು ಏನಿತ್ತು ಅಂತ ಅವರನ್ನ ಕೇಳ್ತಾ ಇರಿ.

ಆ ಮಾರ್ಚ್ ನಡಿಗೆ ಆದ ಮುಂದಿನ ಭಾನುವಾರ ಮೇಷ್ಟ್ರು ಮೊಮ್ಮಗನ್ನ ಕರ್ಕೊಂಡು ಬಂದಿದ್ರು. ಹುಡುಗನ ಕೈಯಲ್ಲಿ ಕಪ್ಪಗೆ ಗಟ್ಟಿಯಾಗಿರೋ ಒಂದು ಚೆಂಡು. ಮಳೆಮರದ ಕಾಯಿ ಅಂಟಂಟಾಗಿ ಸಿಹಿಯಾಗಿರುತ್ತೆ, ದನ ಇಷ್ಟಪಟ್ಟು ತಿಂತವೆ, ಅದನ್ನ ಬೀಜ ತೆಗೆದು ಕಲ್ಲ ಮೇಲೆ ಜಜ್ಜಿ ಜಜ್ಜಿ ಉಂಡೆ ಕಟ್ಟಿ ಒಣಗಿಸಿದ್ರೆ ಕ್ರಿಕೆಟ್ ಚೆಂಡು, ಮಂಡ್ಯದ ಹಳ್ಳೀಲಿ ಮೇಷ್ಟ್ರು ಸಣ್ಣೋರಿದ್ದಾಗ ಕಾಸು ಕೊಟ್ಟು ಚೆಂಡು ತಂದಿದ್ದೇ ಇಲ್ವಂತೆ. "ಎರಡು ದಿನ ಇನ್ನೂ ಒಣಗಬೇಕಿತ್ತು, ಇವನು ಬಿಡ್ಲಿಲ್ಲ" ಅಂತ ಹೇಳಿ ಮೇಷ್ಟ್ರು ಟೇಪಿನ ಒಂದು ತುದಿ ಹಿಡ್ಕೊಂಡ್ರು, ಹುಡುಗ ಚೆಂಡನ್ನ ಜೇಬಿಗೆ ತುರುಕಿ ಇನ್ನೊಂದು ತುದಿ ಹಿಡ್ಕೊಂಡು ಮರದ ಆ ಕಡೆಗೆ ಓಡಿದ.